ಎಡಗಡೆ ಹುಬ್ಬು

ಮೂರು ಗಂಟೆಯ ಭೋಂಗಾ ಕೂಗಿದ ಮೇಲೆ
ಸೊಲ್ಲಾಪುರದ ನಮ್ಮ ಚಾಳಿನ ಹೆಂಗಸರು
ಮಡಿಲಿನ ತಂಬಾಕು ಜಾಡಿಸಿ ಎದ್ದು
ಟಾಕೀಜಿಗೆ ಹೊರಡುತ್ತಿದ್ದರು, ತಿಂಗಳಿಗೊಮ್ಮೆ,
ಬೀಡಿಯ ಬಟವಾಡೆಯಾದ ದಿನ.
ಅಳುವುದಕ್ಕೇ ಹೋಗುತ್ತಿದ್ದರು.
ಸೆರಗು ಮೊದಲೇ ಎರಡು ಮಡಿಕೆ.

ನಾನು ಹೋಗುತ್ತಿದ್ದದ್ದು ಅವಳಿಗಾಗಿ.

ಹಂಸಾ ದೇಶಮಾನೆ. ಹೆಸರು ಪರದೆಯ ಮೇಲೆ
ಕೊನೆಕೊನೆಗೆ, ದರ್ಜಿಯ ಹೆಸರಿಗಿಂತ ಚೂರು ಮೊದಲು.
ಪ್ರತಿ ಸಿನಿಮಾದಲ್ಲೂ ದೊಡ್ಡ ವಾಡೆಯ ಹಿರಿಯ ವೈನಿ,
ಸೊಂಟದಲ್ಲಿ ಬೀಗದ ಕೈ ಗೊಂಚಲು.
ಎಡಗಡೆ ಹುಬ್ಬು ಒಂದನ್ನೇ ಎತ್ತುತ್ತಿದ್ದಳು
ಬಾವಿಯಿಂದ ಕೊಡ ಎತ್ತಿದ ಹಾಗೆ, ನಿಧಾನಕ್ಕೆ, ತುಳುಕದೆ.
ಆಗ ಗಂಡಸರೆಲ್ಲ ಮಾತು ನಿಲ್ಲಿಸುತ್ತಿದ್ದರು.
ಗಂಡಸರು ಮಾತು ನಿಲ್ಲಿಸಿದ್ದನ್ನು
ನಮ್ಮ ಚಾಳಿನಲ್ಲಿ ನಾನೆಂದೂ ಕಂಡಿರಲಿಲ್ಲ.

ನಾಯಕಿ ನೆಲ ಒರೆಸುವಳು, ದೇವರೆದುರು ಹಾಡುವಳು.
ಇವಳು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು
ಕಾಗದ ಓದುವಳು.
ಸಹಿ ಮಾಡುವ ಮೊದಲು ಪೂರ್ತಿ ಓದುವಳು.
ಮರಾಠಿ ಅವಳ ಬಾಯಲ್ಲಿ ಅಡಕತ್ತರಿ.
ನಮಗೋ ಅದು ಸಾಲೆಯಲ್ಲಿ, ರೇಷನ್ ಆಫೀಸಿನಲ್ಲಿ
ಹಲ್ಲಿಗೆ ಸಿಕ್ಕ ನಾರು.

ಹಾಲಿಗೆ ವಿಷ ಬೆರೆಸುವ ಹೊತ್ತಿಗೆ
ಗುರುಬಸವ್ವಾಯಿ ಬಾಲ್ಕನಿಗೂ ಕೇಳುವಂತೆ ಕೂಗಿದಳು:
“ನಿನ್ನ ಕೈಗೆ ಹುಳಾ ಬೀಳ್ಲಿ!”
ಪಕ್ಕದ ಲಚ್ಚವ್ವ ಅದನ್ನೇ ತೆಲುಗಿನಲ್ಲಿ.
ನಾನು ಆಯಿಯ ತೊಡೆಯ ಮೇಲೆ ಕೂತು
ಚಮಚ ತಿರುವುವ ಆ ಬೆರಳುಗಳನ್ನೇ ನೋಡುತ್ತಿದ್ದೆ.
ಅವು ನಡುಗಲಿಲ್ಲ. ನಾನೂ.

ಮನೆಗೆ ಬಂದು, ಗೋಡೆಗೆ ಸಿಕ್ಕಿಸಿದ ಒಡಕು ಕನ್ನಡಿಯಲ್ಲಿ
ಹುಬ್ಬು ಎತ್ತಿದರೆ ಎರಡೂ ಏಳುತ್ತಿದ್ದವು.
ಬಲಗಡೆಯದನ್ನು ಬೆರಳಿಂದ ಒತ್ತಿ ಹಿಡಿದು ಕಲಿತೆ,
ಒಂದು ಶ್ರಾವಣ ಪೂರ್ತಿ.

ಆಮೇಲೆ ಅವಳು ನಿಜವಾಗಿಯೇ ಬಂದಳು,
ಹೊಸ ಚಾದರಿನ ಅಂಗಡಿಯ ರಿಬ್ಬನ್ ಕತ್ತರಿಸಲು.
ಗಿಡ್ಡಗಿದ್ದಳು. ಮೊಣಕಾಲು ನೋವಿನ ನಡಿಗೆ.
ಜನ ನೂಕಾಡಿದರು, ಯಾರೋ ಚಪ್ಪಲಿ ತೂರಿದರು.
ಆಯಿ ಗುಂಪು ಸೀಳಿ ಮುಂದೆ ಹೋಗಿ
ಮರಾಠಿ ಮರೆತು ಕೇಳಿಯೇಬಿಟ್ಟಳು:
“ಯಾಕವ್ವಾ, ಬಸುರಿ ಹೆಣ್ಮಗಳ ಹಾಲಾಗ ವಿಷ ಹಾಕಿದಿ?”

ಉತ್ತರ ಕನ್ನಡದಲ್ಲಿ ಬಂತು.
“ಏನ್ ಮಾಡ್ಲೆವ್ವಾ, ಹೊಟ್ಟಿಪಾಡು. ನಾ ಮೈಂದರಗಿಯಾಕಿ.
ಮನ್ಯಾಗ ಒಂದ್ ಇರಿವಿ ಸೈತ ತುಳಿಯಾಂಗಿಲ್ಲ.”
ಬಗ್ಗಿ ಆಯಿಯ ಕಾಲು ಮುಟ್ಟಿದಳು.
ಚಪ್ಪಲಿ ತೂರಿದವರೇ ಚಪ್ಪಾಳೆ ತಟ್ಟಿದರು.
ಆಯಿ ಅತ್ತಳು; ಉಡಿಯಿಂದ ತೆಗೆದು
ಶೇಂಗಾ ಚಟ್ನಿಯ ಪುಡಿಕೆ ಕೈಗಿಟ್ಟಳು.

ಎಲ್ಲರೂ ಹಗುರಾಗಿ ಮರಳಿದರು. ನನಗೆ ಜ್ವರ ಬಂತು.
ಯಾರಿಗೆ ಹೇಳುವುದು,
ಅವಳು ನಮ್ಮವಳಾಗುವುದು ನನಗೆ ಬೇಕಿರಲಿಲ್ಲ ಅಂತ.
ಕಾಲು ಮುಟ್ಟುವವರು ಚಾಳಿನ ತುಂಬ ಇದ್ದರು.

ಮೂವತ್ತೊಂದು ವರ್ಷ.
ಹೋದ ಮಂಗಳವಾರ ತಹಶೀಲಿ ಕಚೇರಿಯಲ್ಲಿ
ಅಣ್ಣ ಕಾಶಿನಾಥ ಪೆನ್ನಿನ ಮುಚ್ಚಳ ತೆಗೆದು ಚಾಚಿದ:
“ಇಲ್ಲೊಂದು ಸಹಿ ಮಾಡವ್ವಾ. ಓದೂದೇನೈತಿ ಇದರಾಗ.”

ಕುರ್ಚಿ ಖಾಲಿಯಿತ್ತು. ಕೂತೆ.
ಸಣ್ಣ ಅಕ್ಷರದ ಮರಾಠಿ, ಮೊದಲ ಸಾಲಿನಿಂದ.
ಇನ್ನೇನೋ ಹೇಳುತ್ತಿದ್ದವನು ನನ್ನ ಮುಖ ನೋಡಿ
ಅಲ್ಲಿಗೇ ನಿಲ್ಲಿಸಿದ.
ಯಾಕೋ ಗೊತ್ತಿಲ್ಲ; ಆ ಕಚೇರಿಯಲ್ಲಿ ಕನ್ನಡಿ ಇರಲಿಲ್ಲ.
ಇನ್ನೂ ಹದಿಮೂರು ಪುಟ ಇದ್ದವು.