ಒಂದೇ ಕಿವಿಗೆ

ಶುಕ್ರವಾರ ಹೊಸ ರೆಕಾರ್ಡುಗಳು ಬರುತ್ತವೆ.
ಬೂಟಿನ ಡಬ್ಬದ ರಟ್ಟು ಕತ್ತರಿಸಿ
ನಮ್ಮ ದುಂಡು ಅಕ್ಷರದಲ್ಲಿ
ಒಂದೊಂದಕ್ಕೂ ಮೂರು ನಾಲ್ಕು ಸಾಲು ಬರೆದು ಅಂಟಿಸುತ್ತೇನೆ.
ಇಪ್ಪತ್ತಾರು ವರ್ಷ ಟಿಬಿಲಿಸಿಯ ರೇಡಿಯೋದಲ್ಲಿ
ಕಛೇರಿಗೆ ಬಂದವರ ಕೆಮ್ಮನ್ನು ಟೇಪಿನಿಂದ ಕತ್ತರಿಸಿ ಎಸೆದವಳು,
ನಾತೆಲಾ. ಹೊಗಳಲು ಬಾರದು ನನಗೆ.
ಕೆಮ್ಮು ಎಲ್ಲಿದೆ ಅಂತ ಹೇಳಬಲ್ಲೆ, ಅಷ್ಟೇ.

ಈ ವಾರದ ಚೀಟಿಗಳು:

ಬತುಮಿಯ ನಾಲ್ವರ ಜಾಝ್.
ಪಿಯಾನೋದವನಿಗೆ ರೈಲು ತಪ್ಪುವ ಅವಸರ,
ಡ್ರಮ್ಮಿನವಳಿಗೆ ಊರೇ ತನ್ನದೆಂಬ ನಿಧಾನ.
ಮೂರನೆಯದರಲ್ಲಿ, ಎಡಗಡೆ, ಯಾರೋ ಕುರ್ಚಿ ಎಳೆಯುತ್ತಾರೆ.
ಇಡೀ ತಟ್ಟೆಯ ಜೀವ ಆ ಕುರ್ಚಿಯಲ್ಲಿದೆ.

ರುಸ್ತಾವಿಯ ಹುಡುಗನ ರ‍್ಯಾಪ್.
ಅಜ್ಜನ ಪಿಂಚಣಿಯ ಮೊತ್ತಕ್ಕೆ ಪ್ರಾಸ ಹುಡುಕುತ್ತಾನೆ.
ಸಿಗುವುದಿಲ್ಲ. ಸಿಗದೆಡೆಯೇ ಚೆನ್ನ.

ಎಲೆಕ್ಟ್ರಾನಿಕ್, ನೆಲಮಾಳಿಗೆಯವರದು.
ಮೊದಲ ಹನ್ನೊಂದು ನಿಮಿಷ ಏನೂ ಆಗುವುದಿಲ್ಲ.
ಹನ್ನೆರಡನೆಯದರಲ್ಲೂ. ಎದ್ದು ಹೋಗಿ ನೋಡಿ, ಆಗದು.

ಕುತೈಸಿ ಬಸ್ ಡಿಪೋದ ಚಾಲಕರ ಮೇಳ.
ಮೂರು ದನಿಯ ಹಳೆಯ ಹಾಡು, ಮೊನ್ನೆ ಮೊನ್ನೆ ಹಾಡಿದ್ದು.
ಇಂಜಿನ್ ಎತ್ತುವ ಕೊಕ್ಕೆಗೆ ನೇತುಹಾಕಿದ ಒಂದೇ ಒಂದು ಮೈಕು.

ಮೆಟಲ್. ನನಗಲ್ಲ.
ಮೊಮ್ಮಗ ತೊರ್ನಿಕೆ ಹಟ ಮಾಡಿದ್ದಕ್ಕೆ ಇಟ್ಟಿದ್ದೇನೆ.

ಮಧ್ಯಾಹ್ನ ಅಮಿರಾನ್ ಬಂದ, ಮೂಲೆಯ ರೊಟ್ಟಿ ಅಂಗಡಿಯವನು.
ಒಲೆಯ ಬಾವಿಗೆ ಬಗ್ಗಿ ಬಗ್ಗಿ
ಹುಬ್ಬು ಸುಟ್ಟುಕೊಂಡ ಮುಖ.
ಎಡಗಿವಿ ಹೋದ ಚಳಿಗಾಲದ ಜ್ವರದೊಂದಿಗೇ ಹೋಯಿತು.
ಟೋಪಿ ತೆಗೆದು ಹೇಳಿದ:
"ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವ ಅನುಕೂಲ
ನನಗಿಲ್ಲ ನಾತೆಲಾ.
ಹೊಕ್ಕದ್ದು ಒಳಗೇ ಕೂತುಬಿಡುತ್ತದೆ.
ನೋಡಿ ಕೊಡು."

ಚೀಟಿಗಳನ್ನೆಲ್ಲ ತಿರುಗಿ ಓದಿದೆ.
ಎಲ್ಲವೂ ಎರಡು ಕಿವಿಯವರಿಗೆ ಬರೆದವು.
ಹೆಡ್‌ಫೋನ್ ಹಾಕಿದರೆ ಇವನಿಗೆ ಕುರ್ಚಿಯೇ ಇಲ್ಲ;
ಆ ರುಸ್ತಾವಿಯ ಹುಡುಗ
ಎಡಕ್ಕೂ ಬಲಕ್ಕೂ ಓಡಾಡಿಕೊಂಡು ಬೈಯುವವನು,
ಅರ್ಧ ಬೈಗುಳ ಯಾರಿಗೂ ತಾಗದೆ ಬಿದ್ದುಹೋಗುತ್ತದೆ.

ಬಸ್ ಚಾಲಕರನ್ನು ಹಾಕಿದೆ.
ಒಂದು ಮೈಕು, ಒಂದು ಕಿವಿ, ಲೆಕ್ಕ ಚುಕ್ತಾ.
ನಾಡಿ ಹಿಡಿದೇ ರೋಗ ಹೇಳಿದ ವೈದ್ಯಳಂತೆ
ಕೈ ಕಟ್ಟಿ ನಿಂತೆ.

ಪೂರ್ತಿ ಕೇಳಿದ. ಗೌರವದಿಂದ.
"ಅಪ್ಪ ಸತ್ತಾಗ ಹೀಗೇ ಹಾಡಿದರು" ಎಂದ.
ಸ್ವಲ್ಪ ತಡೆದು,
"ಬೇರೆ?"

ತೊರ್ನಿಕೆ ನನ್ನನ್ನು ಕೇಳಲಿಲ್ಲ.
ಹೆಡ್‌ಫೋನಿನ ತಂತಿ ಕಿತ್ತ, ಮೆಟಲ್ ಇಟ್ಟ,
ಕಪಾಟಿನಷ್ಟೆತ್ತರದ ಸ್ಪೀಕರಿನ ಗುಬುಟು
ಕೊನೆಯವರೆಗೂ ತಿರುಗಿಸಿದ.
ಗಾಜು ಅದುರಿತು. ಹೊರಗೆ ಒಣ ಸೇತುವೆಯ ಮೇಲೆ
ಹಳೆಯ ಪದಕ ಮಾರುವವಳು ನನಗೂ ನನ್ನ ವಂಶಕ್ಕೂ ಶಾಪ ಹಾಕಿದಳು.

ಅಮಿರಾನ್ ಸ್ಪೀಕರಿನ ಮೈಗೆ ಅಂಗೈ ಇಟ್ಟ,
ಬಿಸಿ ಗೋಡೆಗೆ ಹಿಟ್ಟು ಬಡಿಯುವ ಮುಂಚೆ
ಕಾವು ನೋಡುತ್ತಾರಲ್ಲ, ಹಾಗೆ.
"ಬೆಳಗಿನ ನಾಲ್ಕಕ್ಕೆ ಒಲೆ ಹೀಗೇ ಗುಂಯ್ ಅನ್ನುತ್ತದೆ.
ಹೆಂಡತಿಗೂ ಹೇಳಿರಲಿಲ್ಲ.
ಇವರಿಗೆ ಹೇಗೆ ಗೊತ್ತು? ಯಾರ ಮನೆಯ ಮಕ್ಕಳು?"
"ಜುಗ್ದಿದಿಯವರು," ಅಂದ ತೊರ್ನಿಕೆ,
"ಒಬ್ಬ ಹಲ್ಲಿನ ಡಾಕ್ಟರು."

ಅರ್ಧ ದುಡ್ಡು ಕೊಟ್ಟ, ಅರ್ಧಕ್ಕೆ ದೋಣಿಯಂಥ ಎರಡು ರೊಟ್ಟಿ.
ಮನೆಯಲ್ಲಿ ರೆಕಾರ್ಡ್ ಪ್ಲೇಯರ್ ಇದೆಯೋ ಇಲ್ಲವೋ,
ಕೇಳಲು ಮರೆತೆ.

ಸಂಜೆ ಬಾಗಿಲು ಹಾಕಿ, ರೊಟ್ಟಿಯ ತುದಿ ಮುರಿದು,
ಹೆಡ್‌ಫೋನನ್ನು ಬಲಗಿವಿಗೆ ಮಾತ್ರ ಸಿಕ್ಕಿಸಿ
ಬತುಮಿಯವರ ಮೂರನೆಯದನ್ನು ಇಟ್ಟೆ.
ನಿಜ, ಕುರ್ಚಿ ಇಲ್ಲ.
ಡ್ರಮ್ಮಿನ ಹಿಂದೆ, ತೀರಾ ಹಿಂದೆ,
ಯಾರೋ ತಡೆದು ತಡೆದು, ಕೊನೆಗೆ ತಡೆಯಲಾರದೆ
ಕೆಮ್ಮಿದರು.

ಕೈ ತಂತಾನೇ ಕತ್ತರಿ ಹುಡುಕಿತು.
ರಟ್ಟಿನ ಚೂರಷ್ಟೇ ಸಿಕ್ಕಿತು ಮೇಜಿನ ಮೇಲೆ.