ಪಂದಿ ಸ್ಟಾಪು

ಕಾಫಿ ಹಣ್ಣು ತೂಗುತ್ತಿದ್ದ ತಕ್ಕಡಿಯೇ ಇದು.
ತಟ್ಟೆಯ ಅಂಚಿಗೆ ಹಳೇ ಕಲೆ, ತಿಕ್ಕಿದರೂ ಹೋಗಲಿಲ್ಲ,
ಬಿಟ್ಟೆ. ಗಿರಾಕಿಗಳು ರಕ್ತವೆಂದುಕೊಳ್ಳುತ್ತಾರೆ.

ಮೊದಲು ಗೋಣಿಕೊಪ್ಪದಿಂದ ಟೆಂಪೋ ಬರುತ್ತಿತ್ತು.
ಇಳಿದವನು ಹಂದಿಯ ಬೆನ್ನು ಒತ್ತಿ
ಕಣ್ಣಳತೆಯಲ್ಲೇ ತೂಕ ಹೇಳುತ್ತಿದ್ದ.
ಅವನ ಕಣ್ಣಿಗೆ ಯಾವಾಗಲೂ ಹತ್ತು ಕೇಜಿ ಕಮ್ಮಿ.
ಕಾಲು ಕಟ್ಟಿ ಎತ್ತಿ ಹಾಕಿದರೆ
ಹುದಿಕೇರಿ ತಿರುವಿನ ತನಕ ಕೂಗು.
ಭಾನುವಾರ ನಾವೇ ಪೇಟೆಗೆ ಹೋಗಿ
ನಮ್ಮದೇ ಹಂದಿಯನ್ನು ಕೊಂಡು
ಬಸ್ಸಿನಲ್ಲಿ ತರುತ್ತಿದ್ದೆವು,
ಪ್ಲಾಸ್ಟಿಕ್ಕಿನಿಂದ ಪಕ್ಕದವರ ಚಪ್ಪಲಿಗೆ ನೀರಿಳಿಸುತ್ತ.

ಮೂರು ವರ್ಷ ಪಂಚಾಯ್ತಿಗೆ ಅಲೆದೆ.
ನೆಲಕ್ಕೆ ಟೈಲು, ಹಿಂದೆ ಇಂಗುಗುಂಡಿ, ಪಶುವೈದ್ಯರ ಸಹಿ.
"ಹೆಂಗಸು ಇಡುವ ಅಂಗಡಿಯೇ ಇದು, ದೇಚವ್ವ?"
ಎಂದಿದ್ದ ಗುಮಾಸ್ತ
ಕೈಲ್‌ಪೊಳ್ದಿನ ಹಿಂದಿನ ಸಂಜೆ ಬಂದು
ಎರಡು ಕೇಜಿ ಕೇಳಿದ.
ನೆಣ ಸ್ವಲ್ಪ ಜಾಸ್ತಿ ಇರಲಿ ಎಂದ.

ಕತ್ತಿ ಲೈನ್‌ಮನೆಯ ಚಾತನದು.
ಸಂದು ಎಲ್ಲಿದೆಯೆಂದು ಅವನ ಬೆರಳಿಗೆ ಗೊತ್ತು,
ಮೂಳೆಗೆ ಅಲಗು ತಾಗುವುದಿಲ್ಲ.
ಕೆಲಸಕ್ಕೆ ಕರೆದಾಗ ಅಂಗಳದಲ್ಲೇ ನಿಂತು ಹೇಳಿದ:
"ಕೂಲಿ ಬೇಡ ಅಕ್ಕ, ಪಾಲು ಕೊಡಿ."
ಆ ರಾತ್ರಿ ನನಗೆ ನಿದ್ದೆಯಿಲ್ಲ. ಕೋಪಕ್ಕೋ ಲೆಕ್ಕಕ್ಕೋ,
ಈಗ ನೆನಪಿಲ್ಲ.

ಅವನವ್ವ ಇದೇ ತಕ್ಕಡಿಯ ಎದುರು
ಹಣ್ಣಿನ ಚೀಲ ಹಿಡಿದು ನಿಲ್ಲುತ್ತಿದ್ದಳು.
ಮುಳ್ಳು ಓದಲು ಬಾರದು; ನಮ್ಮ ಮಾವ ಹೇಳಿದ್ದೇ ತೂಕ.
ಹಬ್ಬಕ್ಕೆ ಹಂದಿ ಕಡಿದರೆ ತಲೆ, ಕರುಳು
ಎಲೆಯಲ್ಲಿ ಸುತ್ತಿ ಅವಳಿಗೆ.
ಚಾತ ಈಗ ತಲೆಯನ್ನೂ ತೂಗುತ್ತಾನೆ.
ಮುಳ್ಳು ನಡುಗಿ ನಿಲ್ಲುವ ತನಕ
ಯಾರನ್ನೂ ಮಾತಾಡಲು ಬಿಡುವುದಿಲ್ಲ,
ನನ್ನನ್ನೂ.

ಕಟ್ಟೆಯ ತುದಿಯಲ್ಲಿ ಬೊಳ್ಳವ್ವನ ಕಾಚಂಪುಳಿ,
ಬ್ರಾಂದಿ ಬಾಟಲಿಯಲ್ಲಿ ಕಪ್ಪಗೆ.
ಆಚೆ ಮನೆಯ ಹುಡುಗಿ
ಹುರಿದು ಪುಡಿ ಮಾಡಿದ ಮಸಾಲೆ ಪೊಟ್ಟಣ ತಂದಿಡುತ್ತಾಳೆ.
ಕೊಟ್ಟಿಗೆ ಗೊಬ್ಬರಕ್ಕೆ ಶುಂಠಿಯವರು ಮುಂಗಡ ಕೊಟ್ಟಿದ್ದಾರೆ.
ಶಾಲೆಯ ಮೇಷ್ಟ್ರದು ಕಾಲು ಕೇಜಿ, ಸಾಲ, ಪೆನ್ಸಿಲಿನಲ್ಲಿ.

ಹೆಸರೇ ಇರದ ತಿರುವು ಇದು.
ಬಿರುನಾಣಿ ಬಸ್ಸಿನ ಕಂಡಕ್ಟರ್ ಈಗ ಕೂಗುತ್ತಾನೆ:
"ಪಂದಿ ಸ್ಟಾಪ್, ಯಾರ್ರೀ ಇಳಿಯೋರು?"
ಮಗಳಿಗೆ ನಾಚಿಕೆ,
ಟಿಕೆಟ್ಟು ಮಾತ್ರ ಅಲ್ಲಿಗೇ ತೆಗೆಯುತ್ತಾಳೆ.

ಕಡಿಯುವ ಬೆಳಗ್ಗೆ
ನಾನು ಬಕೆಟ್ಟು ಮುಟ್ಟುವುದಿಲ್ಲ.
ಹಿಡಿಕೆ ಕಿಣಿ ಎಂದರೆ ಸಾಕು
ಗಂಜಿಯೆಂದುಕೊಂಡು
ಎಲ್ಲವೂ ಓಡಿ ಬಂದು ಬಿಡುತ್ತವೆ,
ಆ ಒಂದೂ ಸೇರಿ.