ಎಡಗೈ ಹೆಬ್ಬೆಟ್ಟು

ನನ್ನನ್ನು ಯಾರೂ ಸಾಕ್ಷಿಗೆ ಕರೆಯಲಿಲ್ಲ.
ವಕೀಲರ ಪರಿಷತ್ತಿನಿಂದ ಮೂರು ಸಲ ನೋಟಿಸು ಬಂತು,
ಮೂರೂ ಮುರಿಗೆಪ್ಪನವರ ಹೆಸರಿಗೆ.
ಸಹಿ ಮಾಡಿ ಲಕೋಟೆ ಇಸಕೊಂಡವನು ಮಾತ್ರ ನಾನು,
ಇಪ್ಪತ್ತಾರು ವರ್ಷ ಅವರ ಗುಮಾಸ್ತ.
ಆಫೀಸಿನ ಬೀಗದ ಕೈ ಈಗಲೂ ನನ್ನ ಉಡಿದಾರದಲ್ಲಿದೆ.

ಮೊದಲು ಒಳ್ಳೆಯದನ್ನು ಬರೆದುಕೊಳ್ಳಿ.
ದಾವಣಗೆರೆಯ ಗಿರಣಿಯೊಂದು ಕದ ಹಾಕಿದ ವರ್ಷ
ಗ್ರಾಚ್ಯುಟಿ ಸಿಗದ ನಾನ್ನೂರ ಹನ್ನೆರಡು ಮಂದಿಗೆ
ನಾನ್ನೂರ ಹನ್ನೆರಡು ಅರ್ಜಿ ಟೈಪು ಮಾಡಿಸಿದರು.
'ಒಂದರಲ್ಲೇ ಮುಗಿಸೋಣ ಸಾರ್,
ಇಂಥವರು ಮತ್ತು ಇತರರು ಅಂತ' ಅಂದೆ.
'ಇತರರು ಅಂತ ಯಾರಿಗಾದ್ರೂ ಹೆಸರಿಟ್ಟಾರೇನೋ
ಅವರವ್ವ ಅವರಪ್ಪ?' ಅಂದರು.
ನನ್ನ ಬೆರಳು ಬಾತವು. ಫೀಸಿನ ಕಾಲಮಿನಲ್ಲಿ
ಪ್ರತಿಯೊಬ್ಬರ ಮುಂದೂ ಒಂದೇ ಪದ: ಬಂದಾಗ.
ಡೈರಿ ಇದೆ, ನೋಡಬಹುದು.

ಒಂದು ರಾತ್ರಿ ಚಪ್ಪಲಿ ಮೆಟ್ಟದೆ ಠಾಣೆಗೆ ನಡೆದರು.
ಹುಡುಗನೊಬ್ಬ ಒಳಗೆ ಕೂತು ಆಗಲೇ ಐದು ದಿನ.
'ಇಪ್ಪತ್ನಾಲ್ಕು ತಾಸು ಅಂತ ಬರೆದೈತಿ,
ಗಡಿಯಾರ ನೋಡಾಕ ಬರ್ತತೇನ್ರಿ ನಿಮಗ?'
ಇನ್ಸ್‌ಪೆಕ್ಟರು ಗೋಡೆ ನೋಡಿದ.
ಅವರ ಸಂವಿಧಾನದ ಪುಸ್ತಕದಲ್ಲಿ
ಇಪ್ಪತ್ತೊಂದನೇ ವಿಧಿಯ ಮೇಲೆ ಮಿರ್ಚಿ ಎಣ್ಣೆಯ ಕಲೆ.
ಹಾಳೆ ತೆಳ್ಳಗಾಗಿ ಹಿಂದಿನ ಅಕ್ಷರ ಈಚೆಗೆ ಕಾಣುತ್ತಿತ್ತು.

ಆಮೇಲೆ ಜೈತುನ್‌ಬಿ.
ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತು ವರ್ಷ
ಕಾದ ಉಸುಕಿಗೆ ಕೈಯೊಡ್ಡಿದವಳು.
ಮಗ ಲಾಕಪ್ಪಿನಲ್ಲಿ ತೀರಿಹೋದ.
ಒಂಬತ್ತು ವರ್ಷ ಹೋರಾಡಿದರು ನಮ್ಮ ಸಾಹೇಬರು, ಸುಳ್ಳಲ್ಲ.
ಪರಿಹಾರ ಐದು ಲಕ್ಷ.
ಚೆಕ್ಕು ಇವರ ಖಾತೆಗೆ ಬಂತು.

ಬೇಲಿ ಎದ್ದು ಹೊಲ ಮೇಯ್ತು ಅಂದರು ಬಾರ್ ರೂಮಿನಲ್ಲಿ.
ಅಷ್ಟು ಸಲೀಸಾಗಿರಲಿಲ್ಲ.
ಕಾರಣ ನಾನೂ ಹುಡುಕಿದೆ: ಇಸ್ಪೀಟು ಇರಲಿಲ್ಲ,
ಸಾಲ ಇರಲಿಲ್ಲ, ಮನೆಯಲ್ಲಿ ಕಾಯಿಲೆ ಇರಲಿಲ್ಲ.
ಒಂದು ಸಂಜೆ ಕರೆಂಟು ಹೋದಾಗ
ಮೇಣದ ಬತ್ತಿ ಹಚ್ಚಿಕೊಂಡು ಹಳೇ ಡೈರಿಗಳನ್ನೆಲ್ಲ ತೆಗೆದರು,
ಕ್ಯಾಲ್ಕ್ಯುಲೇಟರ್ ಇಟ್ಟುಕೊಂಡು
ಒಂದೊಂದು 'ಬಂದಾಗ'ಕ್ಕೂ ಒಂದು ಅಂಕಿ ಕೂಡಿದರು.
ಬತ್ತಿ ಮುಗಿಯಿತು, ಮೊತ್ತ ಮುಗಿಯಲಿಲ್ಲ.
'ಯಾರಾದ್ರೂ ಒಬ್ರು ಕೊಡಬೇಕಲ್ಲೋ' ಅಂದರು,
ನನಗಲ್ಲ, ಕತ್ತಲಿಗೆ.

ಆವತ್ತು ಜೈತುನ್‌ಬಿ
ಮತ್ತು ಇತರರು ಆದಳು.

ಐದು ಲಕ್ಷ ಪೂರ್ತಿ ಮುಟ್ಟಿದೆ ಎಂಬ ರಸೀದಿ ನಾನೇ ಟೈಪಿಸಿದೆ.
ಕವರಿನಲ್ಲಿದ್ದದ್ದು ಒಂದು ಲಕ್ಷ ಹತ್ತು ಸಾವಿರ.
ಅವಳ ಎಡ ಹೆಬ್ಬೆಟ್ಟು ಹಿಡಿದು ಪ್ಯಾಡಿಗೆ ಒತ್ತಿದೆ.
ಗೆರೆಯೇ ಇರಲಿಲ್ಲ ಅದರಲ್ಲಿ, ಉಸುಕು ತಿಂದುಹಾಕಿತ್ತು.
ಮತ್ತೆ ಒತ್ತಿದೆ. ಮೂರನೇ ಸಲವೂ
ಬರೀ ಕಪ್ಪು, ಹುಣಸೆ ಬೀಜದಷ್ಟು.
'ಎಷ್ಟು ಬರ್ದೀರಿ ಅಣ್ಣಾ?'
'ಬಂದಷ್ಟು' ಅಂದೆ.

ಮೊಮ್ಮಗಳು ಪಿಯುಸಿ ಓದಿದಳು, ಆದೇಶವನ್ನೂ ಓದಿದಳು.
ಗೆರೆಯಿಲ್ಲದ ಗುರುತು ಯಾರದೆಂದು ಹೇಳಲಾಗದು ಎಂದು
ಪರಿಷತ್ತು ರಸೀದಿಯನ್ನು ತಳ್ಳಿಹಾಕಿತು.
ಐದು ವರ್ಷ ಸನ್ನದು ಅಮಾನತು.
ಕರಿ ಕೋಟು ಮೊಳೆಯಲ್ಲಿ, ಹೆಗಲ ಮೇಲೆ ಧೂಳು.
ಜನ ಇನ್ನೂ ಬರುತ್ತಾರೆ, ಹಿತ್ತಲ ಕಡೆಯಿಂದ.
ಮೊನ್ನೆ ಒಬ್ಬ ಬಂದಿದ್ದ, ತಮ್ಮನನ್ನು ಎತ್ತಿಕೊಂಡು ಹೋಗಿದ್ದಾರಂತೆ.
ಕಿಟಕಿಯಿಂದಲೇ ಅರ್ಜಿ ಹೇಳಿ ಬರೆಸಿದರು,
ತಡವರಿಸದೆ, ಅಲ್ಪವಿರಾಮ ಸಮೇತ.
'ನಾನು ಹೇಳ್ದೆ ಅನಬ್ಯಾಡ.'
ಫೀಸು ಕೇಳಲಿಲ್ಲ.

ನಿನ್ನೆ ಆ ಹುಡುಗಿ ಬಂದಳು, ಕಡತ ವಾಪಸು ಬೇಕೆಂದು.
ಕೊಟ್ಟೆ. ನಿಂತಲ್ಲೇ ಹಾಳೆ ತಿರುವಿದಳು.
ರಸೀದಿ ಬಂದಾಗ ಬೆರಳು ನಿಂತಿತು.
'ಇದು ಯಾರ ಟೈಪಿಂಗು?'
ನಂದೇ ಅಂದೆ.
ಇನ್ನೊಮ್ಮೆ ಓದಿದಳು, ಮೇಲಿಂದ ಕೆಳತನಕ.
'ಒಂದೂ ತಪ್ಪಿಲ್ಲ' ಅಂದಳು.